ಹೆಸರು ಅವರದು, ಹೊಣೆ ಇವನದು

ಮೂವತ್ತು ವರ್ಷ ಕೋರ್ಟಿನ ಮೆಟ್ಟಿಲು ಹತ್ತಿಳಿದವನಿಗೆ ಕರಾರುಪತ್ರವೊಂದು ಕಣ್ಣಿಗೆ ಬಿದ್ದರೆ ಅಭಿಪ್ರಾಯ ಹೇಳಿಬಿಡುವ ಚಪಲ ಸಹಜ. ಹೋದ ವರ್ಷ ಅಮೆರಿಕದ ನ್ಯೂಜೆರ್ಸಿಯಲ್ಲಿರುವ ನನ್ನ ಸೋದರಳಿಯ ಅಂಥದೊಂದನ್ನು ಕಳುಹಿಸಿದ. ಹೆಸರಾಂತ ತಿಂಡಿಮನೆಯೊಂದರ ‘ಫ್ರಾಂಚೈಸಿ’ ಪಡೆಯುವ ಮನಸ್ಸು ಅವನದು. ಎಂದರೆ ಹೆಸರು, ಫಲಕ, ಅಡುಗೆಯ ವಿಧಾನ ಅವರದು. ಬಂಡವಾಳ, ಬಾಡಿಗೆ, ದುಡಿಮೆ ಇವನದು. ಲಾಭ ಬರಲಿ, ಬಾರದಿರಲಿ, ಮಾರಾಟದಲ್ಲಿ ಇಂತಿಷ್ಟು ಪಾಲನ್ನು ಅವರಿಗೆ ಒಪ್ಪಿಸತಕ್ಕದ್ದು. “ಮಾವ, ಒಮ್ಮೆ ನೋಡಿಬಿಡಿ, ಸೋಮವಾರ ಸಹಿ ಮಾಡುತ್ತೇನೆ” ಎಂದು ಬರೆದಿದ್ದ. ಹದಿನೈದು ವರ್ಷಗಳ ಉಳಿತಾಯ ಆ ಸಹಿಯನ್ನು ಕಾದು ಕುಳಿತಿತ್ತು.

ಓದಿದಷ್ಟೂ ನನ್ನ ವಿದ್ಯೆಯ ಗಡಿ ನನಗೇ ಕಾಣತೊಡಗಿತು. ನಮ್ಮ ದೇಶದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನಿಲ್ಲ. 1872ರ ಕರಾರು ಕಾಯಿದೆ ಮೊದಲಾದವುಗಳ ಆಸರೆಯಲ್ಲಿಯೇ ವ್ಯವಹಾರ ಸಾಗುತ್ತದೆ. ಅಲ್ಲಿಯ ಬಗೆ ಬೇರೆ. ಸಹಿಗಾಗಲಿ ಹಣ ಪಾವತಿಗಾಗಲಿ ಕನಿಷ್ಠ 14 ದಿನ ಮೊದಲು, 23 ಬಾಬುಗಳ ವಿವರಪತ್ರವೊಂದನ್ನು ಕೊಳ್ಳುವವನ ಕೈಗೆ ಕೊಡಬೇಕೆಂದು ಫೆಡರಲ್ ಟ್ರೇಡ್ ಕಮಿಷನ್ನಿನ ನಿಯಮವಿದೆ. ಆದರೆ ಕಮಿಷನ್ ಆ ಪತ್ರವನ್ನು ಮುಂಚಿತವಾಗಿ ಪರೀಕ್ಷಿಸುವುದಿಲ್ಲ. ನಿಯಮ ಮುರಿದರೆ, ಕೊಂಡವನು ಅದರ ಅಡಿಯಲ್ಲಿ ತಾನೇ ದಾವಾ ಹೂಡುವಂತೆಯೂ ಇಲ್ಲ. ಅಂಥ ಹಕ್ಕು ಬೇಕಾದರೆ ಆಯಾ ರಾಜ್ಯದ ಕಾನೂನಿನಲ್ಲಿ ಹುಡುಕಬೇಕು. ಈ ದಾರಿಯನ್ನು ಮೊದಲು ತೆರೆದದ್ದು ಕ್ಯಾಲಿಫೋರ್ನಿಯಾ. ಅಲ್ಲಿಯ ಕಾಯಿದೆ 1971ರಲ್ಲಿ ಜಾರಿಗೆ ಬಂತು.

ರಾಜ್ಯ ರಾಜ್ಯಕ್ಕೆ ಎಷ್ಟು ವ್ಯತ್ಯಾಸ ನೋಡಿ. ಹಡ್ಸನ್ ನದಿಯ ಆಚೆ ದಡದ ನ್ಯೂಯಾರ್ಕಿನಲ್ಲಿ ಸಾಮಾನ್ಯವಾಗಿ ಮಾರಾಟಕ್ಕೆ ಮೊದಲೇ ವಿವರಪತ್ರವನ್ನು ಅಟಾರ್ನಿ ಜನರಲ್ ಕಚೇರಿಯಲ್ಲಿ ನೋಂದಾಯಿಸಬೇಕು. ಈಚೆ ದಡದ ನ್ಯೂಜೆರ್ಸಿಯಲ್ಲಿ ಆ ನೋಂದಣಿ ಇಲ್ಲ. ಬದಲಿಗೆ 1971ರ ಕಾಯಿದೆಯೊಂದಿದೆ. ಅದರ ವ್ಯಾಪ್ತಿಗೆ ಬರುವ ಅಂಗಡಿಕಾರನನ್ನು ಸಕಾರಣವಿಲ್ಲದೆ ತೆಗೆದುಹಾಕುವಂತಿಲ್ಲ. ಸಾಮಾನ್ಯವಾಗಿ 60 ದಿನಗಳ ನೋಟೀಸು ಕೊಡಬೇಕು. ಒಂದು ದಡದಲ್ಲಿ ಒಳಬರುವ ಬಾಗಿಲಿಗೆ ಕಾವಲು, ಇನ್ನೊಂದರಲ್ಲಿ ಹೊರದೂಡುವ ಬಾಗಿಲಿಗೆ! ನೋಂದಣಿಯಾದ ಮಾತ್ರಕ್ಕೆ ವ್ಯಾಪಾರ ಒಳ್ಳೆಯದೆಂದು ಸರ್ಕಾರ ಹೇಳಿದಂತೆಯೂ ಅಲ್ಲ.

“ಇದು ನನ್ನ ಕೈಲಾಗುವುದಲ್ಲಪ್ಪ, ಆ ಊರಿನ ಫ್ರಾಂಚೈಸಿ ವಕೀಲನನ್ನೇ ನೋಡು” ಎಂದು ತಿಳಿಸಿದೆ. ಸಂಸ್ಥೆಯವರೇ ಒಬ್ಬ ವಕೀಲರನ್ನು ಸೂಚಿಸಿದ್ದರಂತೆ. ಅದು ಬೇಡವೆಂದೆ. ಎದುರು ಪಕ್ಷದವರು ಗೊತ್ತುಮಾಡಿಕೊಟ್ಟ ವಕೀಲನನ್ನು ನಂಬಿ ಕೆಟ್ಟ ಕಕ್ಷಿಗಾರರನ್ನು ನಾನು ಕಂಡಿದ್ದೇನೆ. ಇಂಥ ಕರಾರುಗಳನ್ನು ಕೊಳ್ಳುವವರ ಪರವಾಗಿ ಎಷ್ಟು ನೋಡಿದ್ದೀರಿ, ಫೀಜು ಎಷ್ಟು ಎಂದು ಮೊದಲೇ ಕೇಳಿ, ಫೀಜನ್ನು ಬರಹದಲ್ಲಿ ಪಡೆಯಲು ಹೇಳಿದೆ.

ಅವನಿಗೆ ಸಿಕ್ಕಾಕೆ ಒಬ್ಬ ಹಿರಿಯ ಮಹಿಳೆ. ಆಕೆ ಮೊದಲು ತೆರೆದದ್ದು ಕರಾರನ್ನಲ್ಲ, ವಿವರಪತ್ರದ 20ನೆಯ ಬಾಬನ್ನು. ಇತ್ತೀಚೆಗೆ ಅಂಗಡಿ ಬಿಟ್ಟುಹೋದವರ ಹೆಸರುಗಳು ಅಲ್ಲಿರುತ್ತವೆ. “ಇವರಿಗೆಲ್ಲ ನೀವೇ ಫೋನು ಮಾಡಿ” ಎಂದರಂತೆ. ಆಮೇಲೆ 19ನೆಯ ಬಾಬು. ಮಾರಾಟಗಾರ ಬಾಯಲ್ಲಿ ಹೇಳಿದ್ದ ಆದಾಯದ ಅಂಕಿ ಅಲ್ಲಿ ಇರಲೇ ಇಲ್ಲ. ಅಂಗಡಿ ಮುಳುಗಿದರೆ ಮನೆಯವರೆಗೂ ಕೈಚಾಚುವ ಸ್ವಂತ ಜಾಮೀನಿನ ಕಲಮು ಮಾತ್ರ ಕರಾರಿನಲ್ಲಿ ಸ್ಪಷ್ಟವಾಗಿತ್ತು. ನಾನೂ ಅದನ್ನು ಓದಿದ್ದೆ; ಅದರ ಭಾರ ನನಗೆ ತಟ್ಟಿರಲಿಲ್ಲ.

ಸೋಮವಾರದ ಸಹಿ ಆಗಲಿಲ್ಲ. ಬಾಯಲ್ಲಿ ಹೇಳಿದ ಅಂಕಿಯನ್ನು ಬರೆದುಕೊಡಿ ಎಂದಾಗ ಆ ಸಂಸ್ಥೆಯಿಂದ ಉತ್ತರವೇ ಬರಲಿಲ್ಲ. ಅಳಿಯ ಇನ್ನೂ ಹಳೆಯ ನೌಕರಿಯಲ್ಲಿದ್ದಾನೆ. ಬೇರೊಂದು ವಿವರಪತ್ರ ತರಿಸಿಕೊಂಡು ಈ ಸಲ ತಾನೇ ಮೊದಲಿಂದ ಓದುತ್ತಿದ್ದಾನಂತೆ. ಮಗ ಯಜಮಾನನಾಗುವುದನ್ನು ತಪ್ಪಿಸಿದೆನೆಂದು ನನ್ನ ತಂಗಿಗೆ ನನ್ನ ಮೇಲೆ ಇನ್ನೂ ಸಿಟ್ಟು ಇಳಿದಿಲ್ಲ.