ಸುಸ್ಥಿರ ಅಭಿವೃದ್ಧಿಯ ಯೋಜನೆ: ಓದುವುದೇನು, ಅದರಿಂದ ಹಳ್ಳಿಗೇನು?

(ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಪದವಿ ಮುಗಿಸಿದ ಮಕ್ಕಳನ್ನು ಮುಂದೆ ಏನು ಓದಿಸಬೇಕೆಂದು ತಂದೆ ತಾಯಂದಿರು ನಮ್ಮನ್ನು ಕೇಳುವುದುಂಟು. ಬೇಸಾಯಶಾಸ್ತ್ರ, ಮಣ್ಣು ವಿಜ್ಞಾನ, ತಳಿ ವಿಜ್ಞಾನ ಎಂದರೆ ಅವರಿಗೆ ಅರ್ಥವಾಗುತ್ತದೆ. ಆದರೆ ಮಗಳೋ ಮಗನೋ 'ಪ್ರಾದೇಶಿಕ ಯೋಜನೆ' ಅಥವಾ 'ಸುಸ್ಥಿರ ಅಭಿವೃದ್ಧಿ' ಎಂಬ ವಿಷಯದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುತ್ತೇನೆಂದರೆ, "ಯೋಜನೆ ಮಾಡುವುದು ಸರ್ಕಾರದ ಕೆಲಸ. ಅದನ್ನು ಎರಡು ವರ್ಷ ಓದುವುದೇನಿದೆ?" ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಈ ಓದಿನಲ್ಲಿ ಏನಿದೆ, ಅದರಿಂದ ಹಳ್ಳಿಗೆ ಆಗಬೇಕಾದುದೇನು ಎಂಬುದನ್ನು ಇಂದು ವಿವರಿಸುತ್ತೇನೆ.

ಹೊಲದ ಯೋಜನೆ, ಊರಿನ ಯೋಜನೆ

ಪ್ರತಿಯೊಬ್ಬ ರೈತನೂ ಯೋಜಕನೇ. ಮುಂಗಾರಿಗೆ ಮೊದಲೇ ಯಾವ ಹೊಲಕ್ಕೆ ಯಾವ ಬೀಜ, ಎಷ್ಟು ಗೊಬ್ಬರ, ಎಷ್ಟು ಸಾಲ ಎಂದು ಅವನು ಲೆಕ್ಕ ಹಾಕುತ್ತಾನೆ. ಆದರೆ ಅವನ ಹೊಲಕ್ಕೆ ಒಬ್ಬನೇ ಯಜಮಾನ. ಊರಿನ ವಿಷಯ ಹಾಗಲ್ಲ. ಮೇಲಿನ ಹೊಲದವನು ಬದು ಒಡೆದರೆ ಕೆಳಗಿನವನ ಮಣ್ಣು ಕೊಚ್ಚಿಹೋಗುತ್ತದೆ. ಒಬ್ಬನ ಕೊಳವೆ ಬಾವಿ ಇನ್ನೊಬ್ಬನ ತೆರೆದ ಬಾವಿಯನ್ನು ಬತ್ತಿಸುತ್ತದೆ. ಗೋಮಾಳ ಎಲ್ಲರದೂ ಹೌದು, ಆದ್ದರಿಂದಲೇ ಕಾಯುವವರಿಲ್ಲ. ಹೀಗೆ ಒಬ್ಬರ ಕೆಲಸದ ಫಲ ಮತ್ತೊಬ್ಬರಿಗೆ ತಟ್ಟುವ ಕಡೆಯಲ್ಲೆಲ್ಲ ಸಾರ್ವಜನಿಕ ಯೋಜನೆ ಬೇಕಾಗುತ್ತದೆ.

ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು 1934ರಲ್ಲಿಯೇ ಪುಸ್ತಕ ಬರೆದರು. ಮುಂದೆ 1987ರಲ್ಲಿ ನಾರ್ವೆಯ ಬ್ರುಂಟ್‌ಲಾಂಡ್ ಅವರ ಅಧ್ಯಕ್ಷತೆಯ ವಿಶ್ವಸಂಸ್ಥೆಯ ಆಯೋಗ ಸುಸ್ಥಿರ ಅಭಿವೃದ್ಧಿಯ ಅರ್ಥವನ್ನು ಸ್ಪಷ್ಟಪಡಿಸಿತು. ಇಂದಿನವರ ಅಗತ್ಯ ಪೂರೈಸಬೇಕು, ಆದರೆ ಮುಂದೆ ಹುಟ್ಟುವವರು ತಮ್ಮ ಅಗತ್ಯ ಪೂರೈಸಿಕೊಳ್ಳುವ ಶಕ್ತಿಗೆ ಕುಂದು ಬರಬಾರದು ಎಂಬುದು ಅದರ ಸಾರ. ಅಂದರೆ ಇನ್ನೂ ಹುಟ್ಟದವರನ್ನೂ ಊರಿನ ಪಾಲುದಾರರೆಂದು ಎಣಿಸಬೇಕು. 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳಿಗೂ ಇದೇ ತಳಹದಿ.

ಒಂದು ಹಳ್ಳದ ನೀರಿನ ಲೆಕ್ಕ

ಈ ಓದಿನ ಸ್ವರೂಪ ತಿಳಿಯಲು ವಿದ್ಯಾರ್ಥಿಗಳಿಂದ ಮಾಡಿಸುವಂಥ ಒಂದು ಅಭ್ಯಾಸವನ್ನು ನಾವೇ ಮಾಡಿನೋಡೋಣ. ಇಲ್ಲಿನ ಅಂಕಿಗಳು ಉದಾಹರಣೆಗಾಗಿ ಹಿಡಿದವು. ನಿಮ್ಮ ಊರಿನ ಅಂಕಿಗಳನ್ನು ನೀವು ಹಾಕಿಕೊಳ್ಳಬಹುದು.

ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್ ನೀರು. ಒಂದು ಹಳ್ಳದ ಜಲಾನಯನ ಪ್ರದೇಶ 500 ಹೆಕ್ಟೇರ್, ವರ್ಷದ ಮಳೆ 600 ಮಿ.ಮೀ. ಎನ್ನೋಣ. ಬಿದ್ದ ನೀರು 300 ಕೋಟಿ ಲೀಟರ್. ಕೇಳಲು ಬಹಳವಾಯಿತು. ಆದರೆ ಬಹುಪಾಲು ಆವಿಯಾಗಿ, ಬೆಳೆಗಳ ಮೂಲಕ ಹೋಗುತ್ತದೆ. ಒಂದು ಪಾಲು ಹರಿದು ಹೋಗುತ್ತದೆ. ನಮ್ಮ ಬಯಲು ಸೀಮೆಯ ಗಟ್ಟಿ ಕಲ್ಲಿನ ನೆಲದಲ್ಲಿ ಹತ್ತನೆಯ ಒಂದು ಭಾಗ ಇಂಗಿತೆಂದು ಹಿಡಿದರೆ ಅಂತರ್ಜಲಕ್ಕೆ ಸೇರುವುದು 30 ಕೋಟಿ ಲೀಟರ್.

ಊರಿನಲ್ಲಿ 1,000 ಜನ. ತಲೆಗೆ ದಿನಕ್ಕೆ 55 ಲೀಟರಿನಂತೆ ವರ್ಷಕ್ಕೆ ಸುಮಾರು 2 ಕೋಟಿ ಲೀಟರ್ ಬೇಕು. 500 ದನಕರುಗಳಿಗೆ ದಿನಕ್ಕೆ 50 ಲೀಟರಿನಂತೆ ಸುಮಾರು 1 ಕೋಟಿ ಲೀಟರ್. ಬೇಸಾಯಕ್ಕೆ ಉಳಿದದ್ದು 27 ಕೋಟಿ ಲೀಟರ್. ಗಂಟೆಗೆ 10,000 ಲೀಟರ್ ಎತ್ತುವ ಪಂಪು ದಿನಕ್ಕೆ 6 ಗಂಟೆಯಂತೆ ವರ್ಷಕ್ಕೆ 150 ದಿನ ನಡೆದರೆ 90 ಲಕ್ಷ ಲೀಟರ್ ಎತ್ತುತ್ತದೆ. ಇಂಥ 30 ಪಂಪುಗಳಿಗೆ ಲೆಕ್ಕ ಮುಗಿಯಿತು. ಮೂವತ್ತೊಂದನೆಯ ಕೊಳವೆ ಬಾವಿ ಹೊಸ ನೀರನ್ನು ತರುವುದಿಲ್ಲ. ಮೊದಲಿನ ಮೂವತ್ತರ ಪಾಲನ್ನೇ ಹಂಚಿಕೊಳ್ಳುತ್ತದೆ, ಇಲ್ಲವೆ ಹಳೆಯ ಸಂಗ್ರಹಕ್ಕೆ ಕೈ ಹಾಕುತ್ತದೆ. ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ಅಂತರ್ಜಲಕ್ಕೆ ಅಕ್ಷರಶಃ ಅನ್ವಯಿಸುತ್ತದೆ.

ಮುಂದಿನ ಪ್ರಶ್ನೆ ಇನ್ನೂ ಮುಖ್ಯವಾದದ್ದು. ಬೇಸಿಗೆ ಭತ್ತಕ್ಕೆ ಸುಮಾರು 1,200 ಮಿ.ಮೀ. ನೀರು ಬೇಕು. ಈ 27 ಕೋಟಿ ಲೀಟರಿನಲ್ಲಿ 22 ಹೆಕ್ಟೇರ್ ಭತ್ತ ಬೆಳೆಯಬಹುದು. ಅದೇ ನೀರನ್ನು ಮಳೆ ಕೈಕೊಟ್ಟಾಗ ರಾಗಿ, ಕಡಲೆಕಾಯಿ, ತೊಗರಿಗೆ ತಲಾ 50 ಮಿ.ಮೀ.ನ ಎರಡು ರಕ್ಷಣಾತ್ಮಕ ನೀರಾವರಿಯಾಗಿ ಕೊಟ್ಟರೆ 270 ಹೆಕ್ಟೇರಿಗೆ ಸಾಕು. ಮೊದಲನೆಯದು ಕೆಲವೇ ಮನೆಗಳ ಕಣಜ ತುಂಬುತ್ತದೆ. ಎರಡನೆಯದು ಊರಿನ ಅರ್ಧಕ್ಕಿಂತ ಹೆಚ್ಚು ನೆಲದ ಬೆಳೆಯನ್ನು ಬರದಿಂದ ಕಾಪಾಡುತ್ತದೆ. ಆದರೆ ಎರಡನೆಯದಕ್ಕೆ ಪೈಪು ಬೇಕು, ಸರದಿ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಒಪ್ಪಂದ ಬೇಕು. ಬಾವಿ ತೋಡಿಸಲು ಸಾಲ ಮಾಡಿದವನ ನಷ್ಟ ತುಂಬುವವರು ಯಾರು ಎಂಬುದಕ್ಕೂ ಉತ್ತರ ಬೇಕು.

ನೀರೆಷ್ಟಿದೆ ಎಂದು ವಿಜ್ಞಾನ ಹೇಳುತ್ತದೆ. ಯಾರಿಗೆ ಎಷ್ಟು ಎಂಬುದನ್ನು ವಿಜ್ಞಾನ ಹೇಳಲಾರದು. ಅದನ್ನು ಜನ ಸೇರಿ ತೀರ್ಮಾನಿಸಬೇಕು. ಈ ಎರಡನ್ನೂ ಒಂದೇ ಮೇಜಿನ ಮೇಲೆ ತರುವ ವಿದ್ಯೆಯೇ ಸಾರ್ವಜನಿಕ ಯೋಜನೆ.

ವ್ಯಾಸಂಗದಲ್ಲಿ ಏನಿರುತ್ತದೆ?

ಸಾಮಾನ್ಯವಾಗಿ ಇದು ಎರಡು ವರ್ಷದ ವ್ಯಾಸಂಗ. ಪಾಠಗಳನ್ನು ನಾಲ್ಕು ಗುಂಪಾಗಿ ತಿಳಿಯಬಹುದು. ಮೊದಲನೆಯದು ನೆಲ, ನೀರು, ಸಸ್ಯಸಂಪತ್ತುಗಳ ಅಧ್ಯಯನ. ಉಪಗ್ರಹ ಚಿತ್ರಗಳನ್ನು ಓದುವುದು, ನಕ್ಷೆ ತಯಾರಿಸುವುದು ಇದರಲ್ಲಿ ಸೇರಿದೆ. ಎರಡನೆಯದು ಜನಸಂಖ್ಯೆ, ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ. ಮೂರನೆಯದು ಕಾಯಿದೆ ಮತ್ತು ಆಡಳಿತ. ನಾಲ್ಕನೆಯದು ಕ್ಷೇತ್ರಕಾರ್ಯ: ಒಂದು ಊರು ಅಥವಾ ತಾಲ್ಲೂಕನ್ನು ಸಮೀಕ್ಷೆ ಮಾಡಿ ಯೋಜನೆ ತಯಾರಿಸಿ, ಕೊನೆಗೆ ಪ್ರಬಂಧ ಬರೆಯುವುದು.

ಅರ್ಥಶಾಸ್ತ್ರದ ಒಂದು ಸೂಕ್ಷ್ಮವನ್ನು ರೈತರು ತಿಳಿದಿರಬೇಕು. ಯೋಜನೆಗಳ ಲಾಭ-ವೆಚ್ಚ ನೋಡುವಾಗ ಮುಂದಿನ ವರ್ಷಗಳ ಲಾಭವನ್ನು ಬಡ್ಡಿಯಂತೆ ಕಳೆಯುತ್ತಾ ಬರುತ್ತಾರೆ. ಶೇಕಡಾ 10ರ ದರದಲ್ಲಿ ಇಪ್ಪತ್ತು ವರ್ಷದ ನಂತರ ಬರುವ 100 ರೂಪಾಯಿಗೆ ಇಂದಿನ ಬೆಲೆ ಸುಮಾರು 15 ರೂಪಾಯಿ ಮಾತ್ರ. ಹೀಗಾಗಿ ನಿಧಾನವಾಗಿ ಫಲ ಕೊಡುವ ಮರ, ಮಣ್ಣಿನ ರಕ್ಷಣೆ, ಕೆರೆಯ ಜೀರ್ಣೋದ್ಧಾರ ಕಾಗದದ ಮೇಲೆ ಸೋಲುತ್ತವೆ. ಬೇಗ ಮುಗಿಯುವ ಕಟ್ಟಡ ಗೆಲ್ಲುತ್ತದೆ. ಒಂದು ಸೆಂಟಿಮೀಟರ್ ಮೇಲ್ಮಣ್ಣು ಆಗಲು ನೂರಾರು ವರ್ಷ ಬೇಕೆಂಬುದು ಆ ಲೆಕ್ಕದಲ್ಲಿ ಕಾಣುವುದಿಲ್ಲ. ಯಾವ ದರ ಹಿಡಿದಿರಿ, ಯಾವುದನ್ನು ಬಿಟ್ಟಿರಿ ಎಂದು ಪ್ರಶ್ನಿಸಲು ಬಲ್ಲವನೇ ಒಳ್ಳೆಯ ಯೋಜಕ.

ಕರ್ನಾಟಕದ ಅನುಭವ

ನಮ್ಮ ರಾಜ್ಯ ಈ ವಿಷಯದಲ್ಲಿ ಹಿಂದೆ ಉಳಿದಿಲ್ಲ. ಅಬ್ದುಲ್ ನಜೀರ್ ಸಾಬ್ ಅವರ ಕಾಲದಲ್ಲಿ ರೂಪುಗೊಂಡ 1983ರ ಪಂಚಾಯಿತಿ ಕಾಯಿದೆ ಜಿಲ್ಲಾ ಪರಿಷತ್ತುಗಳಿಗೆ ಅಧಿಕಾರ ಕೊಟ್ಟಿತು. ಸಂವಿಧಾನದ 73ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು, ಕೃಷಿ, ಜಲಾನಯನ, ಕುಡಿಯುವ ನೀರು ಸೇರಿ 29 ವಿಷಯಗಳನ್ನು ಪಂಚಾಯಿತಿಗಳಿಗೆ ವಹಿಸಬಹುದಾದವೆಂದು ಪಟ್ಟಿ ಮಾಡಿತು. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ಅಂದಿನ 175 ತಾಲ್ಲೂಕುಗಳನ್ನು ಅಳೆದು 114 ತಾಲ್ಲೂಕುಗಳು ಹಿಂದುಳಿದಿವೆಯೆಂದೂ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವೆಂದೂ ತೋರಿಸಿತು. "ನಮ್ಮ ಕಡೆ ಏನೂ ಆಗಿಲ್ಲ" ಎಂಬ ದೂರು ಅಂಕಿಯಾಗಿ ಮಾರ್ಪಟ್ಟಾಗ ಅದಕ್ಕೆ ಎಷ್ಟು ಬಲ ಬರುತ್ತದೆಂಬುದಕ್ಕೆ ಈ ವರದಿಯೇ ಸಾಕ್ಷಿ.

ಜಲಾನಯನದಲ್ಲಿ 1980ರ ದಶಕದ ಕಬ್ಬಾಳನಾಲಾ ಯೋಜನೆಯಿಂದ ಆರಂಭಿಸಿ, 2000ದ ದಶಕದಲ್ಲಿ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳ ಸುಜಲಾ ಯೋಜನೆಯವರೆಗೆ ಪಾಠಗಳಿವೆ. ಸುಜಲಾದಲ್ಲಿ ರೈತರ ಗುಂಪುಗಳು ಯೋಜನೆ ತಯಾರಿಕೆಯಲ್ಲಿಯೇ ಪಾಲುಗೊಂಡವು. ಭೂಮಿಯಿಲ್ಲದವರಿಗೂ ಸ್ವಸಹಾಯ ಸಂಘಗಳ ಮೂಲಕ ಜಾಗವಿತ್ತು. ಅದರ ಮುಂದಿನ ಹಂತದಲ್ಲಿ ಮಣ್ಣಿನ ಆಳ, ಇಳಿಜಾರು, ಪೋಷಕಾಂಶಗಳ ಸಮೀಕ್ಷೆಯನ್ನು ಸರ್ವೆ ನಂಬರಿನ ಮಟ್ಟಕ್ಕೆ ತರಲಾಯಿತು.

ಎಲ್ಲಿ ಓದಬಹುದು?

ಮೈಸೂರು ವಿಶ್ವವಿದ್ಯಾನಿಲಯದ ಅಭಿವೃದ್ಧಿ ಅಧ್ಯಯನ ಸಂಸ್ಥೆಯಲ್ಲಿ ನಗರ ಹಾಗೂ ಪ್ರಾದೇಶಿಕ ಯೋಜನೆಯ ಶಿಕ್ಷಣವಿದೆ. ಗದಗದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ. ಡಾ. ವಿ. ಕೆ. ಆರ್. ವಿ. ರಾವ್ ಅವರು 1972ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಸಂಶೋಧನೆಗೆ ಹೆಸರಾದುದು. ದೆಹಲಿ, ಭೋಪಾಲ್, ವಿಜಯವಾಡಗಳಲ್ಲಿ ಕೇಂದ್ರದ ಯೋಜನಾ ಮತ್ತು ವಾಸ್ತುಶಿಲ್ಪ ಶಾಲೆಗಳಿವೆ. ಪ್ರವೇಶದ ಅರ್ಹತೆ ಒಂದೊಂದು ಕಡೆ ಒಂದೊಂದು ರೀತಿ. ಅರ್ಜಿ ಹಾಕುವ ಮುನ್ನ ಆಯಾ ವರ್ಷದ ಪ್ರಕಟಣೆಯನ್ನು ಓದಿಕೊಳ್ಳಬೇಕು.

ಹಳ್ಳಿಯ ಮಕ್ಕಳು ಈ ಓದಿಗೆ ಬರಬೇಕೆಂದು ನಾನು ಒತ್ತಿ ಹೇಳಲು ಕಾರಣವಿದೆ. ನಕ್ಷೆಯಲ್ಲಿ 'ಪಾಳು ಭೂಮಿ' ಎಂದು ಬಣ್ಣ ಬಳಿದ ಜಾಗದಲ್ಲಿ ಕುರಿ ಮೇಯುತ್ತವೆ, ಸೌದೆ ಸಿಗುತ್ತದೆ ಎಂಬುದು ಅಲ್ಲಿ ಬೆಳೆದವರಿಗೆ ಗೊತ್ತು. ಬಲ್ಲವರು ಆ ಮೇಜಿನ ಬಳಿ ಇಲ್ಲದಿದ್ದರೆ ಬಡವರ ಆಸರೆ ಒಂದು ಗೆರೆಯಲ್ಲಿ ಅಳಿಸಿಹೋಗುತ್ತದೆ.

ನೀವು ಮಾಡಬಹುದಾದದ್ದು

ಓದಿದವರು ಬರುವವರೆಗೆ ಕಾಯಬೇಕಾಗಿಲ್ಲ. ಗ್ರಾಮ ಪಂಚಾಯಿತಿಯ ವಾರ್ಷಿಕ ಯೋಜನೆ ತಯಾರಾಗುವಾಗ ಹೀಗೆ ಮಾಡಿರಿ:

1. ಶಾಲೆಯ ಅಂಗಳದಲ್ಲಿಯಾದರೂ ಒಂದು ಮಳೆಮಾಪಕವಿಟ್ಟು ಪ್ರತಿ ಮಳೆಯನ್ನೂ ಬರೆದಿಡಿರಿ.

2. ಆಯ್ದ ಐದಾರು ಬಾವಿಗಳ ನೀರಿನ ಮಟ್ಟವನ್ನು ಮುಂಗಾರಿಗೆ ಮೊದಲು ಮತ್ತು ಹಿಂಗಾರು ಮುಗಿದ ಮೇಲೆ ಅಳೆಯಿರಿ.

3. ಮೇಲೆ ಹೇಳಿದ ನೀರಿನ ಲೆಕ್ಕವನ್ನು ಕೃಷಿ ಅಧಿಕಾರಿಗಳ ನೆರವಿನಿಂದ ಹಾಕಿ, ಗ್ರಾಮ ಸಭೆಯಲ್ಲಿ ಎಲ್ಲರಿಗೂ ಕೇಳುವಂತೆ ಓದಿರಿ.

4. ಕಾಮಗಾರಿಗಳ ಪಟ್ಟಿಯಲ್ಲಿ ಹಳ್ಳದ ನೆತ್ತಿಯಿಂದ ಕೆಳಗಿಳಿಯುವ ಕ್ರಮವಿದೆಯೇ ನೋಡಿರಿ. ಮೇಲೆ ಬದು, ಗಿಡಮರಗಳಿಲ್ಲದೆ ಕೆಳಗೆ ತಡೆ ಅಣೆ ಕಟ್ಟಿದರೆ ಅದು ಬೇಗ ಹೂಳು ತುಂಬುತ್ತದೆ.

5. ನೀರು ಹೊರುವ ಹೆಣ್ಣುಮಕ್ಕಳು, ದನ ಕುರಿ ಕಾಯುವವರು, ಕೂಲಿಕಾರರು ಸಭೆಯಲ್ಲಿ ಮಾತಾಡುವವರೆಗೆ ಪಟ್ಟಿಗೆ ಒಪ್ಪಿಗೆ ಕೊಡಬೇಡಿರಿ.

ಇಷ್ಟನ್ನು ಎರಡು ವರ್ಷ ತಪ್ಪದೆ ಮಾಡಿದ ಊರು ತನ್ನ ಲೆಕ್ಕವನ್ನು ತಾನೇ ಹೇಳಬಲ್ಲದು. ಅಂಥ ಊರಿಗೆ ಬರುವ ಅಧಿಕಾರಿ ಸಿದ್ಧ ನಮೂನೆಯನ್ನು ತುಂಬಿಸಿಕೊಂಡು ಹೋಗುವುದು ಸುಲಭವಲ್ಲ. ನಿಮ್ಮ ಮಕ್ಕಳಲ್ಲಿ ಒಬ್ಬರಾದರೂ ಈ ವಿದ್ಯೆ ಕಲಿಯಲಿ. ಕಲಿತವರು ಬಂದಾಗ ಅವರ ಮುಂದಿಡಲು ನಿಮ್ಮ ಊರಿನ ಮಳೆ ಮತ್ತು ಬಾವಿಗಳ ಪುಸ್ತಕ ಸಿದ್ಧವಾಗಿರಲಿ.