ಹಳೆಯ ಕಂಪ್ರೆಸರಿನ ಸೋರುವ ವಾಲ್ವು: ದುರಸ್ತಿ ಮತ್ತು ಎಚ್ಚರಿಕೆ

(ಮದ್ದೂರು ತಾಲ್ಲೂಕು ಬೆಸಗರಹಳ್ಳಿ ಸುತ್ತಿನ ರೈತರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಬೋರ್‌ವೆಲ್ ಕೊರೆಸಿದವರೆಲ್ಲರೂ ಕಂಪ್ರೆಸರಿನ ಶಕ್ತಿಯನ್ನು ಕಣ್ಣಾರೆ ಕಂಡವರೇ. ಬಂಡೆಯನ್ನು ಒಡೆದು ಪುಡಿಯನ್ನು ಮೇಲಕ್ಕೆ ಚಿಮ್ಮಿಸುವುದು ಒತ್ತಿ ಹಿಡಿದ ಗಾಳಿಯೇ. ಪಂಕ್ಚರ್ ಅಂಗಡಿಯಲ್ಲಿರುವ ಒಂದೆರಡು ಅಶ್ವಶಕ್ತಿಯ ಸಣ್ಣ ಯಂತ್ರವೂ ಇದೇ ತತ್ವದ ಮೇಲೆ ನಡೆಯುತ್ತದೆ. ಕಬ್ಬು ಕಡಿಯುವ ಕಾಲದಲ್ಲಿ ಟ್ರೈಲರಿನ ಚಕ್ರ ಕೂತರೆ, ಗಾಳಿಗಾಗಿ ಮದ್ದೂರಿಗೆ ಓಡಾಡುವಷ್ಟರಲ್ಲಿ ಕಡಿದ ಕಬ್ಬಿನ ತೂಕವೂ ಸಿಹಿಯೂ ಇಳಿಯುತ್ತವೆ. ಆದ್ದರಿಂದ ಹಳೆಯದಾದರೂ ಸರಿ, ಸಣ್ಣ ಕಂಪ್ರೆಸರೊಂದು ಮನೆಯಲ್ಲಿರಲಿ ಎಂದು ಕೆಲವು ರೈತರು ಬಯಸುವುದು ಸಹಜ.

ಹಳೆಯ ಯಂತ್ರದಲ್ಲಿ ಸಾಮಾನ್ಯವಾಗಿ ಕಾಣುವ ದೋಷ ವಾಲ್ವಿನ ಸೋರಿಕೆ. ಇದು ಸಣ್ಣದೆಂದು ಅಲಕ್ಷ್ಯ ಮಾಡಬಾರದು. ಏಳು ಕಿಲೋ ಒತ್ತಡದಲ್ಲಿ ಕೇವಲ 1 ಮಿಲಿಮೀಟರ್ ರಂಧ್ರದಿಂದ ನಿಮಿಷಕ್ಕೆ ಸುಮಾರು 60ರಿಂದ 70 ಲೀಟರ್ ಗಾಳಿ ಪೋಲಾಗುತ್ತದೆ. ಒಂದು ಅಶ್ವಶಕ್ತಿಯ ಯಂತ್ರ ನಿಮಿಷಕ್ಕೆ ಕೊಡುವ ಗಾಳಿಯೇ ಸುಮಾರು 100 ಲೀಟರ್. ಅಂದರೆ ಸುಟ್ಟ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿಗೆ ಹೋದಂತೆಯೇ!

ಸೋರಿಕೆ ಎಲ್ಲಿದೆ?

ಸ್ಪ್ಯಾನರ್ ಹಿಡಿಯುವ ಮುನ್ನ ಸೋರಿಕೆಯ ಜಾಗವನ್ನು ಗುರುತಿಸಬೇಕು.

1. ಮೋಟಾರು ನಿಂತಾಗ ಒತ್ತಡದ ಸ್ವಿಚ್ಚಿನ ಬಳಿ ಒಂದೆರಡು ಕ್ಷಣ ‘ಉಸ್’ ಎನ್ನುವುದು ಸರಿಯಾದ ಲಕ್ಷಣ. ಆ ಶಬ್ದ ನಿಲ್ಲದೆ ಮುಂದುವರಿದರೆ, ಟ್ಯಾಂಕಿನ ಬಾಯಲ್ಲಿರುವ ನಾನ್-ರಿಟರ್ನ್ ವಾಲ್ವು ಕೆಟ್ಟಿದೆ ಎಂದು ತಿಳಿಯಬೇಕು. ಪಂಪ್‌ಸೆಟ್ಟಿನ ಫುಟ್‌ವಾಲ್ವ್ ನೀರನ್ನು ಹಿಂದಕ್ಕೆ ಬಿಡದಂತೆ, ಈ ವಾಲ್ವು ಟ್ಯಾಂಕಿನ ಗಾಳಿಯನ್ನು ಹಿಂದಕ್ಕೆ ಬಿಡಬಾರದು.

2. ಮೋಟಾರು ನಡೆಯುತ್ತಿರುವಾಗಲೂ ಅಲ್ಲಿಯೇ ಶಬ್ದ ಬಂದರೆ ದೋಷ ಸ್ವಿಚ್ಚಿಗೆ ಸೇರಿದ ಸಣ್ಣ ವಾಲ್ವಿನದು.

3. ಗಾಳಿ ಒಳಗೆಳೆಯುವ ಫಿಲ್ಟರಿನಿಂದ ಗಾಳಿ ಹೊರಕ್ಕೆ ಊದಿದರೆ, ಹೆಡ್ಡಿನೊಳಗಿನ ವಾಲ್ವ್ ಪಟ್ಟಿ ಸವೆದಿರುತ್ತದೆ ಅಥವಾ ಮಸಿ ಹಿಡಿದಿರುತ್ತದೆ.

4. ಉಳಿದ ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಬೇಕು. ಗುಳ್ಳೆ ಎದ್ದಲ್ಲಿ ಸೋರಿಕೆ. ಟ್ಯಾಂಕಿನ ಮೈಯಲ್ಲೇ ಗುಳ್ಳೆ ಎದ್ದರೆ ಯಂತ್ರವನ್ನು ತಕ್ಷಣ ನಿಲ್ಲಿಸಬೇಕು. ಅಂಥ ಟ್ಯಾಂಕನ್ನು ಬೆಸುಗೆ ಹಾಕಿಸಿ ಬಳಸುವುದು ಸಲ್ಲದು.

ನಾನ್-ರಿಟರ್ನ್ ವಾಲ್ವು ಕೆಟ್ಟಾಗ ಇನ್ನೊಂದು ಅಪಾಯವಿದೆ. ಟ್ಯಾಂಕಿನ ಒತ್ತಡ ಹಿಂದಕ್ಕೆ ಬಂದು ಪಿಸ್ಟನ್ನಿನ ಮೇಲೆ ಕೂರುವುದರಿಂದ ಮೋಟಾರು ತಿರುಗಲಾರದೆ ಗುಂಯ್‌ಗುಡುತ್ತದೆ. ವೋಲ್ಟೇಜು ಕಡಿಮೆಯಿರುವ ಹಳ್ಳಿಗಳಲ್ಲಿ ವೈಂಡಿಂಗ್ ಸುಡಲು ಇಷ್ಟೇ ಸಾಕು. ವಾಲ್ವಿನ ಬೆಲೆ ಮೋಟಾರು ಸುತ್ತಿಸುವ ಖರ್ಚಿಗಿಂತ ಎಷ್ಟೋ ಕಡಿಮೆ.

ದುರಸ್ತಿಯ ಕ್ರಮ

ಮೊದಲು ಸ್ವಿಚ್ ಆರಿಸಿ ಪ್ಲಗ್ ಅಥವಾ ಫ್ಯೂಸ್ ಕಿತ್ತಿಡಬೇಕು. ಅನಂತರ ಟ್ಯಾಂಕಿನ ತಳದ ನಲ್ಲಿಯನ್ನು ತೆರೆದು ಗಾಳಿಯನ್ನು ಪೂರ್ತಿ ಬಿಡಬೇಕು. ಗೇಜಿನ ಮುಳ್ಳು ಸೊನ್ನೆಗೆ ಬಂದಿತೆಂದು ಅದನ್ನೊಂದನ್ನೇ ನಂಬಬಾರದು. ಹಳೆಯ ಯಂತ್ರದಲ್ಲಿ ಮುಳ್ಳು ಕಚ್ಚಿಕೊಂಡಿರಬಹುದು, ನಲ್ಲಿಗೆ ತುಕ್ಕು ಕಟ್ಟಿಕೊಂಡಿರಬಹುದು. ಸೇಫ್ಟಿ ವಾಲ್ವಿನ ಉಂಗುರವನ್ನೂ ಎಳೆದು ಗಾಳಿ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ನಲ್ಲಿ ತೆರೆದೇ ಇರಲಿ. ಪೈಪು ಬಹಳ ಬಿಸಿಯಾಗಿರುವುದರಿಂದ ಆರಲು ಬಿಡಬೇಕು.

ಈಗ ಪೈಪನ್ನು ಬಿಚ್ಚಿ ವಾಲ್ವಿನ ಮುಚ್ಚಳ ತೆಗೆದರೆ ಒಳಗೆ ಸ್ಪ್ರಿಂಗು ಮತ್ತು ಬಿಲ್ಲೆ ಕಾಣುತ್ತವೆ. ಎಷ್ಟೋ ಬಾರಿ ಬಿಲ್ಲೆಯಡಿ ಸಿಕ್ಕಿದ ಮಸಿ ಅಥವಾ ತುಕ್ಕಿನ ಕಣವೇ ಸೋರಿಕೆಗೆ ಕಾರಣ. ಸೋಪಿನ ನೀರಿನಿಂದ ತೊಳೆದು, ಬಟ್ಟೆಯಿಂದ ಒರೆಸಿ, ಚೆನ್ನಾಗಿ ಒಣಗಿಸಬೇಕು. ಪೆಟ್ರೋಲ್ ಬಳಸಕೂಡದು. ಹಿತ್ತಾಳೆಯ ಕೂರುಜಾಗವನ್ನು ಚಾಕುವಿನಿಂದ ಕೆರೆಯಬಾರದು. ಒಂದು ಗೀರು ಬಿದ್ದರೂ ಸೋರಿಕೆ ಉಳಿಯುತ್ತದೆ. ಬಿಲ್ಲೆಗೆ ಗುಂಡಿ ಬಿದ್ದಿದ್ದರೆ ಹಳೆಯದನ್ನೇ ಮಾದರಿಯಾಗಿ ಒಯ್ದು ಅದೇ ಅಳತೆಯದನ್ನು ತರಬೇಕು. ಸೈಕಲ್ ಟ್ಯೂಬನ್ನು ಕತ್ತರಿಸಿ ಹಾಕಿದರೆ ಬಿಸಿ ಗಾಳಿಗೆ ಅದು ಬಹುಕಾಲ ಬಾಳದು.

ಮರೆಗಳಿಗೆ ಟೆಫ್ಲಾನ್ ಟೇಪನ್ನು ಮರೆ ಬಿಗಿಯುವ ದಿಕ್ಕಿನಲ್ಲೇ ಮೂರು ನಾಲ್ಕು ಸುತ್ತು ಸುತ್ತಬೇಕು. ತುದಿಯ ಮೊದಲ ಸುತ್ತಿಗೆ ಟೇಪು ಬೇಡ. ಅದರ ಚೂರು ಒಳಗೆ ಹೋದರೆ ವಾಲ್ವು ಮತ್ತೆ ಸೋರುತ್ತದೆ. ಜೋಡಿಸಿದ ಮೇಲೆ ಅರ್ಧ ಒತ್ತಡಕ್ಕೆ ಗಾಳಿ ತುಂಬಿಸಿ, ನಿಲ್ಲಿಸಿ, ಸೋಪಿನ ನೀರಿನಿಂದ ಪರೀಕ್ಷಿಸಬೇಕು. ಬಿಸಿ ಗಾಳಿ ಆರುವಾಗ ಮುಳ್ಳು ಸ್ವಲ್ಪ ಇಳಿಯುವುದು ಸಹಜ. ಅರ್ಧ ಗಂಟೆಯ ನಂತರವೂ ಇಳಿಯುತ್ತಲೇ ಇದ್ದರೆ ಸೋರಿಕೆ ಇನ್ನೂ ಇದೆ ಎಂದು ಅರ್ಥ.

ಮರೆಯಬಾರದ ಮಾತು

ಸೇಫ್ಟಿ ವಾಲ್ವು ಸೋರುತ್ತದೆಂದು ಅದನ್ನು ಕಿತ್ತು ಬೋಲ್ಟು ಜಡಿಯುವುದು ಪ್ರಾಣಕ್ಕೇ ಸಂಚಕಾರ. ಲೆಕ್ಕ ನೋಡಿ: 30 ಸೆಂಟಿಮೀಟರ್ ಅಡ್ಡಳತೆಯ ಟ್ಯಾಂಕಿನ ಒಂದು ಮುಚ್ಚಳದ ವಿಸ್ತೀರ್ಣ ಸುಮಾರು 700 ಚದರ ಸೆಂಟಿಮೀಟರ್. ಪ್ರತಿ ಚದರ ಸೆಂಟಿಮೀಟರಿಗೆ 8 ಕಿಲೋ ಒತ್ತಡವೆಂದರೆ ಆ ಮುಚ್ಚಳವನ್ನು ತಳ್ಳುತ್ತಿರುವ ಭಾರ ಐದೂವರೆ ಟನ್ನಿಗೂ ಹೆಚ್ಚು. ತುಕ್ಕು ತಿಂದು ತೆಳುವಾದ ತಗಡು ಸೀಳಿದರೆ ಹತ್ತಿರವಿದ್ದವರು ಉಳಿಯುವುದು ಕಷ್ಟ. ಸೇಫ್ಟಿ ವಾಲ್ವು ಕೆಟ್ಟರೆ ಅದೇ ಒತ್ತಡಕ್ಕೆ ತೆರೆಯುವ ಹೊಸದನ್ನೇ ಹಾಕಬೇಕು. ಹೆಚ್ಚಿನ ಒತ್ತಡದ್ದು ಬೇಡ.

ಒತ್ತಿದ ಗಾಳಿಯಿಂದ ನೀರು ಇಳಿದು ಟ್ಯಾಂಕಿನ ತಳ ಸೇರುತ್ತದೆ; ತುಕ್ಕಿಗೆ ಮೂಲ ಇದೇ. ದಿನದ ಕೆಲಸ ಮುಗಿದ ಮೇಲೆ ತಳದ ನಲ್ಲಿ ತೆರೆದು ಬಸಿಯಬೇಕು. ಹಳೆಯದನ್ನು ಕೊಳ್ಳುವವರೂ ಮೊದಲು ಈ ನಲ್ಲಿಯನ್ನೇ ತೆರೆದು ನೋಡಬೇಕು. ಕೆಂಪು ನೀರಿನೊಡನೆ ತುಕ್ಕಿನ ಹಕ್ಕಳೆ ಬಿದ್ದರೆ ಎಷ್ಟು ಅಗ್ಗವಾದರೂ ಬೇಡ. ಸಂಶಯವಿದ್ದರೆ ಟ್ಯಾಂಕಿಗೆ ನೀರು ತುಂಬಿಸಿ, ಬಳಸುವ ಒತ್ತಡದ ಒಂದೂವರೆ ಪಟ್ಟಿನಲ್ಲಿ ಬಲ್ಲ ವರ್ಕ್‌ಶಾಪಿನವರಿಂದ ಪರೀಕ್ಷೆ ಮಾಡಿಸಬೇಕು. ನೀರು ಗಾಳಿಯಂತೆ ಹಿಗ್ಗುವುದಿಲ್ಲವಾದ್ದರಿಂದ ಆಗ ಟ್ಯಾಂಕು ಬಿರಿದರೂ ಸಿಡಿತ ಕಡಿಮೆ. ಈ ಪರೀಕ್ಷೆಯನ್ನು ಗಾಳಿಯಿಂದ ಮಾಡಕೂಡದು.

ವಾಲ್ವನ್ನು ಮನೆಯಲ್ಲೇ ಸರಿಪಡಿಸಬಹುದು. ಕೊಳೆತ ಟ್ಯಾಂಕನ್ನು ಯಾರೂ ಸರಿಪಡಿಸಲಾರರು. ಆದ್ದರಿಂದ ಟ್ಯಾಂಕು ಗಟ್ಟಿಯಿದ್ದರೆ ಮಾತ್ರ ವಾಲ್ವಿಗೆ ದುಡ್ಡು ಹಾಕಿರಿ.