ಕಲಾವಿದನ ಅರ್ಹತೆಯೂ ನಮ್ಮ ಸಾಕ್ಷ್ಯವೂ

(ಯಲಬುರ್ಗಾದಲ್ಲಿ ಯುವಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮನ್ನು ಇಲ್ಲಿಗೆ ಕರೆದ ಯುವಕರು ಒಂದು ಪ್ರಶ್ನೆಯನ್ನು ಮುಂದಿಟ್ಟಿದ್ದಾರೆ. ಈ ಸೀಮೆಯ ಹಳ್ಳಿಗಳಲ್ಲಿ ಮೊಹರಮ್ ದಿನಗಳಂದು ರಿವಾಯತ್ ಪದ ಹಾಡುವ ಹಿರಿಯರಿದ್ದಾರೆ. ಕರ್ಬಲಾದ ಕಥೆಯನ್ನು ಕನ್ನಡದ ನುಡಿಗಳಲ್ಲಿ ಹಾಡುವವರು ಇವರು. ಅಂತಹ ಒಬ್ಬರ ಕುರಿತು ಅಂತರ್ಜಾಲದ ವಿಶ್ವಕೋಶವಾದ ವಿಕಿಪೀಡಿಯದಲ್ಲಿ ಲೇಖನ ಬರೆಯಬಹುದೇ? ಅವರು ಅದಕ್ಕೆ ಅರ್ಹರೇ? ಅರ್ಹರಲ್ಲವೆಂದು ಯಾರಾದರೂ ಆ ಲೇಖನವನ್ನು ಅಳಿಸಿದರೆ ಅದು ಅನ್ಯಾಯವಲ್ಲವೇ?

ಪ್ರಶ್ನೆ ಸಣ್ಣದಲ್ಲ. ಇಂದಿನ ವಿದ್ಯಾರ್ಥಿಯು ಒಬ್ಬ ವ್ಯಕ್ತಿಯ ಕುರಿತು ತಿಳಿಯಲು ಮೊದಲು ಗ್ರಂಥಾಲಯಕ್ಕೆ ಹೋಗುವುದಿಲ್ಲ, ಮೊಬೈಲ್ ತೆರೆಯುತ್ತಾನೆ. ಅಲ್ಲಿ ಹೆಸರಿಲ್ಲದವನು ಇರಲೇ ಇಲ್ಲವೆಂದು ನಂಬುತ್ತಾನೆ. ಆದ್ದರಿಂದ ಆ ವಿಶ್ವಕೋಶದ ನಿಯಮವನ್ನು ಮೊದಲು ಸರಿಯಾಗಿ ಅರಿಯೋಣ.

ವಿಕಿಪೀಡಿಯ ಆರಂಭವಾದದ್ದು 2001ರಲ್ಲಿ. ಕನ್ನಡದ ಆವೃತ್ತಿ 2003ರಿಂದ ನಡೆಯುತ್ತಿದೆ. ಯಾರು ಬೇಕಾದರೂ ಅದರಲ್ಲಿ ಬರೆಯಬಹುದು. ಆದರೆ ಬರೆದದ್ದೆಲ್ಲ ಉಳಿಯುವುದಿಲ್ಲ. ವ್ಯಕ್ತಿಯೊಬ್ಬನ ಕುರಿತು ಅವನಿಗೆ ಸಂಬಂಧವಿಲ್ಲದ ನಂಬಲರ್ಹ ಪ್ರಕಟಣೆಗಳು ವಿವರವಾಗಿ ಬರೆದಿರಬೇಕು ಎಂಬುದು ಅದರ ಮುಖ್ಯ ನಿಯಮ. ಸಭೆಯ ವರದಿಯಲ್ಲಿ ಹೆಸರು ಬಂದರೆ ಸಾಲದು. ಮನೆಯವರು ಅಚ್ಚು ಹಾಕಿಸಿದ ಅಭಿನಂದನ ಗ್ರಂಥ ಸಾಲದು. ಸ್ವತಃ ಕಲಾವಿದ ತನ್ನ ಕುರಿತು ಹೇಳಿಕೊಂಡದ್ದೂ ಸಾಲದು. ರಿವಾಯತ್ ಪದಗಳ ಕೊನೆಯ ನುಡಿಯಲ್ಲಿ ಕವಿಯ ಹೆಸರು, ಊರು ಬರುವುದುಂಟು. ಅದು ಕವಿಯ ಗುರುತೇ ಹೊರತು ಇತರರ ಸಾಕ್ಷ್ಯವಲ್ಲ.

ಈ ನಿಯಮ ಕೇಳಿ ನಮ್ಮ ಯುವಕರಿಗೆ ಬೇಸರವಾಗುತ್ತದೆ. ಆದರೆ ಮದರಸಾದಲ್ಲಿ ಹದೀಸ್ ಶಾಸ್ತ್ರವನ್ನು ಓದಿದ ನಮಗೆ ಇದು ಹೊಸದಾಗಿ ಕಾಣಲಿಲ್ಲ. ಹದೀಸ್ ವಿದ್ವಾಂಸರಲ್ಲಿ 'ಮಜ್‌ಹೂಲ್' ಎಂಬ ಒಂದು ಪದವಿದೆ. ಅಜ್ಞಾತ ವರದಿಗಾರ ಎಂದು ಅದರ ಅರ್ಥ. ಕೇವಲ ಒಬ್ಬನೇ ಯಾರಿಂದ ವರದಿ ಮಾಡಿದ್ದಾನೋ ಅಂತಹವನು ಅಜ್ಞಾತನು. ವಿದ್ಯೆಯಲ್ಲಿ ಹೆಸರಾದ ಇಬ್ಬರಾದರೂ ಅವನಿಂದ ವರದಿ ಮಾಡಿದರೆ ಅವನು ಆ ಅಜ್ಞಾತ ಸ್ಥಿತಿಯಿಂದ ಹೊರಬರುತ್ತಾನೆ ಎಂದು ಹಿಜರಿ 463ರಲ್ಲಿ ನಿಧನರಾದ ಖತೀಬ್ ಬಗ್ದಾದಿಯವರು ವಿವರಿಸಿದ್ದಾರೆ. ಅಷ್ಟರಿಂದಲೇ ಅವನ ಪ್ರಾಮಾಣಿಕತೆ ಸಿದ್ಧವಾಗದು ಎಂದೂ ಅವರು ಎಚ್ಚರಿಸಿದ್ದಾರೆ. ಗಮನಿಸಿ, ಮಜ್‌ಹೂಲ್ ಎಂಬುದು ಬೈಗುಳವಲ್ಲ. ಆ ವ್ಯಕ್ತಿ ಕೆಟ್ಟವನೆಂಬ ತೀರ್ಪೂ ಅಲ್ಲ. ಅವನನ್ನು ಬಲ್ಲವರ ಸಾಕ್ಷ್ಯ ನಮ್ಮವರೆಗೆ ತಲುಪಿಲ್ಲ ಎಂಬ ಪ್ರಾಮಾಣಿಕ ಒಪ್ಪಿಗೆಯಷ್ಟೇ.

ವಿಕಿಪೀಡಿಯದ ನಿಯಮವನ್ನೂ ಹೀಗೆಯೇ ನೋಡಬೇಕು. ಅದು ಕಲಾವಿದನ ಯೋಗ್ಯತೆಯನ್ನು ಅಳೆಯುವುದಿಲ್ಲ, ಸಾಕ್ಷಿಗಳನ್ನು ಎಣಿಸುತ್ತದೆ. ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಎಂಬ ಕೆನಡಾದ ಭೌತವಿಜ್ಞಾನಿಯ ಕುರಿತು ಬರೆದ ಲೇಖನದ ಕರಡನ್ನು, ಆಧಾರಗಳು ಸಾಲವೆಂದು 2018ರ ಮೇ ತಿಂಗಳಲ್ಲಿ ಇಂಗ್ಲಿಷ್ ವಿಕಿಪೀಡಿಯದವರು ತಿರಸ್ಕರಿಸಿದ್ದರು. ಅದೇ ವರ್ಷದ ಅಕ್ಟೋಬರಿನಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಐದು ತಿಂಗಳಲ್ಲಿ ಆಕೆಯ ವಿದ್ಯೆ ಬೆಳೆದುಬಿಟ್ಟಿತೇ? ಇಲ್ಲ. ಆಕೆಯ ಕುರಿತು ಬರೆದವರ ಸಂಖ್ಯೆ ಮಾತ್ರ ಬೆಳೆಯಿತು.

ಅಷ್ಟು ದೂರ ಏಕೆ ಹೋಗಬೇಕು? ನಮ್ಮದೇ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರ ಜನವರಿಯಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಆಗ ಅವರಿಗೆ 96ರ ವಯಸ್ಸು. ರಾಮಾಯಣ, ಮಹಾಭಾರತದ ಗೊಂಬೆಗಳನ್ನು ಪರದೆಯ ಹಿಂದೆ ಆಡಿಸುತ್ತ ಅವರು ಆಯುಷ್ಯವನ್ನೇ ಕಳೆದಿದ್ದರು. ಘೋಷಣೆಯ ದಿನ ಅವರ ಕಲೆ ಹಿರಿದಾಗಲಿಲ್ಲ. ರಾಷ್ಟ್ರದ ಪತ್ರಿಕೆಗಳೆಲ್ಲ ಅಂದು ಮೋರನಾಳದ ಕಡೆ ತಿರುಗಿ ನೋಡಿದವು, ಅಷ್ಟೇ. ತೊಂಬತ್ತಾರರವರೆಗೆ ಬದುಕದ ಕಲಾವಿದರ ಗತಿಯೇನು ಎಂಬುದನ್ನು ನೀವೇ ಯೋಚಿಸಿ.

ಕಲೆಗೆ ಹೆಸರು ಬಂದು ಕಲಾವಿದನಿಗೆ ಬಾರದಿರುವುದು ಈ ಮಣ್ಣಿನಲ್ಲಿ ಹಳೆಯ ಕಥೆ. ಹಳೆಯ ಯಲಬುರ್ಗಾ ತಾಲೂಕಿನ ಇಟಗಿಯಲ್ಲಿರುವ ಮಹಾದೇವ ದೇವಾಲಯವು 1112ರಲ್ಲಿ ನಿರ್ಮಾಣವಾಯಿತು. ಅದನ್ನು ಕಟ್ಟಿಸಿದ ದಂಡನಾಯಕ ಮಹಾದೇವನ ಹೆಸರನ್ನು ಶಾಸನ ಕಾಪಾಡಿದೆ. ಅಲ್ಲಿ ಕಲ್ಲು ಕೆತ್ತಿದ ಕೈಗಳಲ್ಲಿ ಎಷ್ಟು ಹೆಸರು ನಮ್ಮ ನಿಮ್ಮ ಬಾಯಲ್ಲಿವೆ? ಕಿನ್ನಾಳದ ಬಣ್ಣದ ಗೊಂಬೆಗಳಿಗೆ ಇಂದು ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಅದನ್ನು ಮಾಡಿದ ತಲೆಮಾರುಗಳಲ್ಲಿ ಎಷ್ಟು ಜನರನ್ನು ನಾವು ಹೆಸರಿಸಬಲ್ಲೆವು? ಇದಕ್ಕೆ ಪ್ರತಿಯಾಗಿ ಇದೇ ಹಳೆಯ ತಾಲೂಕಿನ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿದ ಕವಿ ಸಿದ್ಧಯ್ಯ ಪುರಾಣಿಕರ ಹೆಸರು ಉಳಿದಿದೆ. ಅವರು ಸ್ವತಃ ಬರೆದರು, ಅವರ ಕುರಿತು ಇತರರೂ ಬರೆದರು. ಅಕ್ಷರವಿದ್ದವರಿಗೆ ಅಕ್ಷರದ ಸಾಕ್ಷಿಗಳು ದೊರೆಯುತ್ತಾರೆ. ಬಾಯಿಂದ ಬಾಯಿಗೆ ಹಾಡಿದವನಿಗೆ ದೊರೆಯುವುದಿಲ್ಲ. ವಿಕಿಪೀಡಿಯದ ನಿಯಮದ ನಿಜವಾದ ಕೊರತೆ ಇದುವೇ. ಮಾತಿನ ಸಾಕ್ಷ್ಯವನ್ನೂ ಆಧಾರವಾಗಿ ಸ್ವೀಕರಿಸಬಹುದೇ ಎಂದು 2011ರಲ್ಲಿ ಮಲಯಾಳಂ, ಹಿಂದಿ ಮತ್ತು ಆಫ್ರಿಕಾದ ಸೆಪೆಡಿ ಭಾಷೆಗಳಲ್ಲಿ ಒಂದು ಪ್ರಯೋಗ ನಡೆದದ್ದುಂಟು. ಆದರೂ ಮುಖ್ಯ ನಿಯಮ ಬದಲಾಗಿಲ್ಲ.

ಈಗ ನಮ್ಮ ಸಮುದಾಯದ ಕಡೆಗೆ ಬರೋಣ. ಈ ನಾಡಿನ ಸಂಸ್ಕೃತಿಗೆ ಮುಸ್ಲಿಮರು ಕೊಟ್ಟದ್ದೇನು ಎಂದು ವೇದಿಕೆಗಳಲ್ಲಿ ಕೇಳುವ ರಾಜಕಾರಣವಿದೆ. 2022ರಲ್ಲಿ ಪಠ್ಯಪುಸ್ತಕ ಪರಿಷ್ಕರಣೆಯ ವಿವಾದವೆದ್ದಾಗ ಯಾವ ಪಾಠ ಹೋಯಿತು, ಯಾವುದು ಬಂತು ಎಂದು ನಾಡೇ ಚರ್ಚಿಸಿತು. ಬರೆದದ್ದನ್ನು ತೆಗೆದರೆ ಪ್ರತಿಭಟಿಸಬಹುದು. ಬರೆಯದೇ ಇದ್ದುದನ್ನು ಯಾರೂ ತೆಗೆಯಬೇಕಾಗಿಲ್ಲ. ಅದು ತಾನಾಗಿಯೇ ಇಲ್ಲವಾಗುತ್ತದೆ. ಹಾಗಾದರೆ ರಿವಾಯತ್ ಹಾಡುಗಾರನ ಕುರಿತು ಎಷ್ಟು ಬರೆದಿದ್ದೇವೆ? ರಹಮತ್ ತರೀಕೆರೆಯವರು ಕರ್ನಾಟಕದ ಮೊಹರಂ ಕುರಿತು ಗ್ರಂಥವನ್ನೇ ರಚಿಸಿದ್ದಾರೆ. ಅಂತಹ ಪರಿಶ್ರಮ ಸಮುದಾಯದ ಪತ್ರಿಕೆಗಳಲ್ಲಿ ಎಷ್ಟಿದೆ? ನಮ್ಮ ಪತ್ರಿಕೆಯನ್ನೂ ಸೇರಿಸಿಯೇ ನಾವು ಕೇಳುತ್ತಿದ್ದೇವೆ.

ಬರೆಯದಿರಲು ನಮಗೊಂದು ಕಾರಣವಿತ್ತು. ಪಂಜಾಗಳಿಗೆ ಹರಕೆ ಹೊರುವುದು ತೌಹೀದಿಗೆ ಹೊಂದದು ಎಂಬುದು ನಮ್ಮ ನಿಲುವು. ಅದನ್ನು ನಾವು ಇಂದೂ ಮುಚ್ಚಿಡುವುದಿಲ್ಲ. ಆದರೆ ಆಚರಣೆಯನ್ನು ಒಪ್ಪದಿರುವುದು ಬೇರೆ, ಮನುಷ್ಯನನ್ನು ದಾಖಲೆಯಿಂದಲೇ ಹೊರಗಿಡುವುದು ಬೇರೆ. ಅಬಾನ್ ಇಬ್ನು ತಗ್ಲಿಬ್ ಎಂಬ ಶಿಯಾ ವರದಿಗಾರರ ಪಂಥವನ್ನು ಇಮಾಮ್ ಝಹಬಿಯವರು ಒಪ್ಪಲಿಲ್ಲ. ಆದರೂ ಅವರು ಸತ್ಯವಂತರೆಂದು ತಮ್ಮ ಗ್ರಂಥದಲ್ಲಿ ದಾಖಲಿಸಿದರು. ಅವರ ಸತ್ಯ ನಮಗಿರಲಿ, ಅವರ ತಪ್ಪಿನ ಹೊಣೆ ಅವರಿಗಿರಲಿ ಎಂಬುದು ಆ ವಿದ್ವಾಂಸರ ಧೋರಣೆಯಾಗಿತ್ತು. ಇಬ್ನು ಸಅದ್‌ರು ತಮ್ಮ ಚರಿತ್ರೆ ಗ್ರಂಥದ ಕೊನೆಯ ಸಂಪುಟವನ್ನು ಮಹಿಳೆಯರಿಗೇ ಮೀಸಲಿಟ್ಟರು. ಇಷ್ಟು ವಿಶಾಲವಾದ ಪರಂಪರೆಯ ವಾರಸುದಾರರಾದ ನಾವು ನೆರೆಮನೆಯ ಹಾಡುಗಾರನ ಹುಟ್ಟಿದ ವರ್ಷವನ್ನೂ ಬರೆದಿಡಲಿಲ್ಲ. ಸುಧಾರಣೆಯ ಹೆಸರಿನಲ್ಲಿ ಮಾಡಿದ ಈ ಉಪೇಕ್ಷೆಯನ್ನು ತಪ್ಪೆಂದು ಒಪ್ಪಿಕೊಳ್ಳುವುದೇ ಸರಿ. ಸಾಕ್ಷ್ಯವನ್ನು ಮುಚ್ಚಿಡಬಾರದೆಂದು ಪವಿತ್ರ ಕುರ್‌ಆನ್ ನಮಗೆ ಆದೇಶಿಸಿದೆ.

ಇನ್ನು ಯುವಕರ ಪ್ರಶ್ನೆಗೆ ನೇರ ಉತ್ತರ. ನೀವು ಮನಸ್ಸಿನಲ್ಲಿಟ್ಟುಕೊಂಡಿರುವ ಹಿರಿಯರ ಕುರಿತು ಸ್ವತಂತ್ರವಾದ ಎರಡು ಮೂರು ವಿವರವಾದ ಬರಹಗಳಿಲ್ಲದಿದ್ದರೆ ಇಂದೇ ಲೇಖನ ಬರೆಯಬೇಡಿ. ಅಭಿಮಾನದಿಂದ ಬರೆದದ್ದು ಅಳಿಸಿಹೋದರೆ ಅವರಿಗೆ ಗೌರವ ತಂದಂತಾಗದು. ಇಲ್ಲದ ಪ್ರಶಸ್ತಿಯನ್ನು ಸೇರಿಸುವುದಂತೂ ಸುಳ್ಳು ಸಾಕ್ಷ್ಯವೇ ಸರಿ. ಮೊದಲು ಅವರ ಬಳಿ ಕುಳಿತುಕೊಳ್ಳಿ. ಪದಗಳನ್ನು ಧ್ವನಿಮುದ್ರಿಸಿ. ಯಾರಿಂದ ಕಲಿತರು, ಯಾರಿಗೆ ಕಲಿಸಿದರು ಎಂಬ ಸರಪಳಿಯನ್ನು ದಿನಾಂಕದೊಡನೆ ಬರೆದಿಡಿ. ಅವರ ಹಾಡು ಕೇಳಿದ ಹಿಂದೂ ಸಹೋದರರನ್ನೂ ವಿಚಾರಿಸಿ, ಏಕೆಂದರೆ ಈ ಪದಗಳು ನಮ್ಮೊಬ್ಬರ ಸ್ವತ್ತಲ್ಲ. ಬರೆದದ್ದನ್ನು ಜಿಲ್ಲೆಯ ಪತ್ರಿಕೆಗಳಿಗೆ ಕಳಿಸಿ, ವಿಶ್ವವಿದ್ಯಾಲಯದ ಸಂಶೋಧಕರಿಗೆ ತೋರಿಸಿ. ನಮ್ಮ ಪತ್ರಿಕೆಯೂ ಅದಕ್ಕೆ ಪುಟ ಕೊಡಬೇಕು. ಹೊಗಳಿಕೆಗಲ್ಲ, ಪರಿಶೀಲಿಸಿದ ಬರಹಕ್ಕೆ. ಅಲ್ಲಿಯವರೆಗೆ ವಿಕಿಪೀಡಿಯದಲ್ಲಿ ರಿವಾಯತ್ ಕಲೆಯ ಕುರಿತು, ನಿಮ್ಮ ಊರಿನ ಕುರಿತು ಆಧಾರಸಹಿತ ಬರೆಯಿರಿ. ಅದಕ್ಕೆ ಅಡ್ಡಿಯಿಲ್ಲ. ಸಾಕ್ಷಿಗಳು ಕೂಡಿದ ದಿನ ಆ ಹಿರಿಯರ ಹೆಸರಿನ ಲೇಖನವನ್ನು ಯಾರೂ ಸುಲಭವಾಗಿ ಅಳಿಸಲಾರರು.

ಅವರು ಅರ್ಹರೇ ಎಂದು ನೀವು ಕೇಳಿದಿರಿ. ಅವರು ತಮ್ಮ ಕೆಲಸವನ್ನು ಮಾಡಿ ಮುಗಿಸಿದ್ದಾರೆ. ಬಾಕಿ ಉಳಿದಿರುವುದು ಅವರನ್ನು ಕಂಡು ಕೇಳಿದ ನಮ್ಮ ಕೆಲಸ. ಅವರ ಉಸಿರು ಇರುವಾಗಲೇ ಅದನ್ನು ಪೂರೈಸುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.